ರಾತ್ರಿ ಚೆಕಿಂಗ್‌ನಲ್ಲಿ ಫೋನ್ ಲಾಕ್ ತೆಗ್ದು ಕೊಡು ಅಂದ್ರೆ ಕೊಡ್ಲೇಬೇಕಾ?

ನೈಟ್‌ಶಿಫ್ಟ್_ನಾಗ
ಒಂದು ವಿಷ್ಯ ನಾಲ್ಕು ದಿನದಿಂದ ತಲೆ ಕೊರೀತಾ ಇದೆ, ಬಲ್ಲವರು ಹೇಳಿ. ಹೋದ ಗುರುವಾರ ರಾತ್ರಿ ಒಂದೂವರೆಗೆ ಶಿಫ್ಟ್ ಮುಗಿಸ್ಕೊಂಡು ಬೈಕಲ್ಲಿ ಮನೆಗೆ ಬರ್ತಿದ್ದೆ. ನಮ್ಮ ಏರಿಯಾ ಸರ್ಕಲ್ ಹತ್ರ ಬ್ಯಾರಿಕೇಡ್ ಹಾಕಿದ್ರು. ಡಿಎಲ್ ತೋರಿಸ್ದೆ, ಇನ್ಶೂರೆನ್ಸ್ ತೋರಿಸ್ದೆ, ಊದು ಅಂದ್ರು ಊದಿದೆ. ಎಲ್ಲಾ ಸರಿ ಇತ್ತು. ಆಮೇಲೆ ಒಬ್ರು "ಫೋನ್ ಕೊಡಪ್ಪಾ, ಲಾಕ್ ತೆಗ್ದು ಕೊಡು" ಅಂದ್ರು. ಯಾಕ್ ಸಾರ್ ಅಂದೆ. "ಕೊಡು ಅಂದ್ರೆ ಕೊಡ್ಬೇಕು." ಕೊಟ್ಟೆ.

ವಾಟ್ಸಾಪ್ ತೆಗ್ದು ಮೇಲ್ಗಡೆ ಸರ್ಚ್‌ನಲ್ಲಿ "ಮಾಲ್" (ಗಾಂಜಾಗೆ ಹಂಗಂತಾರೆ) ಅಂತ ಟೈಪ್ ಮಾಡಿದ್ರು. ನಮ್ಮಮ್ಮ "ಮಾಲ್‌ಗೆ ಹೋಗಿದ್ವಿ, ಎಸ್ಕಲೇಟರ್ ಹತ್ತಕ್ಕೆ ಭಯ ಆಯ್ತು" ಅಂತ ಹಾಕಿದ್ದ ಮೆಸೇಜ್ ಬಂತು. ಅದನ್ನ ಪೂರ್ತಿ ಓದಿದ್ರು. ಇನ್ನೇನೋ ಟೈಪ್ ಮಾಡಿದ್ರು, ಸಿಗ್ಲಿಲ್ಲ. ಗ್ಯಾಲರಿಗೆ ಹೋದ್ರು. ಹೆಂಡ್ತಿ ಸೀಮಂತದ ಫೋಟೋಗಳನ್ನ ಹೆಬ್ಬೆರಳಲ್ಲಿ ತಳ್ಕೊಂಡು ತಳ್ಕೊಂಡು ನೋಡಿದ್ರು. "ಹೂಂ, ಹೋಗು." ಅಷ್ಟೇ. ಬೈಲಿಲ್ಲ, ಹೊಡೀಲಿಲ್ಲ, ದುಡ್ಡು ಕೇಳ್ಲಿಲ್ಲ. ಆದ್ರೂ ಮನೆಗೆ ಬಂದು ನಿದ್ದೆ ಬರ್ಲಿಲ್ಲ.

ಭಾವಮೈದ ಹೇಳ್ತಾನೆ, "ತಪ್ಪು ಮಾಡಿಲ್ಲ ಅಂದ್ಮೇಲೆ ತೋರ್ಸಕ್ಕೇನು ನೋವು ಭಾವ?" ಅಂತ. ಅವನಿಗೆ ಏನು ಉತ್ತರ ಕೊಡ್ಬೇಕು ಗೊತ್ತಾಗ್ತಿಲ್ಲ.

ಶಿಸ್ತು_ಮೊದಲು
ನಿಮ್ಮ ಭಾವಮೈದ ಸರಿಯಾಗೇ ಹೇಳಿದಾನೆ. ಗಾಂಜಾ, ಸಿಂಥೆಟಿಕ್ ಡ್ರಗ್ಸ್ ಕಾಲೇಜ್ ಗೇಟ್ ತನಕ ಬಂದಿದೆ. ಎರಡು ನಿಮಿಷ ಫೋನ್ ನೋಡಿದ್ರೆ ಆಕಾಶ ಕಳಚಿ ಬೀಳಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗೆ ಆಡ್ಬೇಡಿ.

ಕೊಟ್ಟೂರು_ಕೋಟ್ರ
ಗಾದೆ ಉಲ್ಟಾ ಹೊಡೀತಲ್ಲ ಸಾರ್. ಇಲ್ಲಿ ಕುಂಬಳಕಾಯಿ ಕಳುವೇ ಆಗಿಲ್ಲ, ಸುಮ್ನೆ ಎಲ್ಲರ ಹೆಗಲೂ ಒರೆಸಿ ನೋಡ್ತಾವ್ರೆ.

ಕರಿಕೋಟು_ಕಮಲ
ವಕೀಲಿಕೆ ಮಾಡ್ತೀನಿ, ಚಿಕ್ಕದಾಗಿ ಹೇಳಕ್ಕೆ ಟ್ರೈ ಮಾಡ್ತೀನಿ.

ನಾಗ ಅವ್ರೇ, ಕೊಡ್ಲೇಬೇಕು ಅಂತಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ 9 ಜಡ್ಜ್‌ಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳ್ತಲ್ಲ, ಆ ಕೇಸ್ ಹಾಕಿದ್ದೇ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಾದ್ಮೇಲೆ 2021ರಲ್ಲಿ ವೀರೇಂದ್ರ ಖನ್ನಾ ಕೇಸಲ್ಲಿ ನಮ್ಮ ಹೈಕೋರ್ಟೇ ಫೋನ್ ತಪಾಸಣೆ ಹೆಂಗೆ ಮಾಡ್ಬೇಕು ಅಂತ ಹೇಳಿದೆ. ಸಾಮಾನ್ಯವಾಗಿ ಕೋರ್ಟಿಂದ ಸರ್ಚ್ ವಾರಂಟ್ ಬೇಕು, ತುರ್ತು ಇದ್ರೆ ವಾರಂಟ್ ಇಲ್ದೆ ನೋಡ್ಬಹುದು ಆದ್ರೆ ಕಾರಣ ಬರೆದಿಡ್ಬೇಕು. ಅದೂ ಒಂದು ಕೇಸ್, ಒಂದು ತನಿಖೆ ಅಂತ ಇದ್ದಾಗ. ದಾರೀಲಿ ಹೋಗೋರ್ನೆಲ್ಲ ನಿಲ್ಲಿಸಿ ಸರ್ಚ್ ಬಾಕ್ಸ್‌ನಲ್ಲಿ ಟೈಪ್ ಮಾಡೋಕೆ ಯಾವ ಸೆಕ್ಷನ್ನೂ ಇಲ್ಲ. ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ಕಾಯ್ದೇಲೂ ನಂಬೋಕೆ ಕಾರಣ ಇರ್ಬೇಕು ಅಂತಾನೇ ಇರೋದು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳ್ಬೇಕು. ಪಾಸ್‌ವರ್ಡ್ ಕೊಡೋದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂಗಲ್ಲ ಅಂತಾನೂ ಅದೇ ತೀರ್ಪಲ್ಲಿದೆ. ನಿಜವಾದ ಕೇಸಲ್ಲಿ ಸಿಕ್ಕಿಬಿದ್ದೋರು "ಪುಟ್ಟಸ್ವಾಮಿ ಪುಟ್ಟಸ್ವಾಮಿ" ಅಂತ ಜಪ ಮಾಡಿದ್ರೆ ಕೆಲಸ ಆಗಲ್ಲ.

ನೈಟ್‌ಶಿಫ್ಟ್_ನಾಗ
ರಾತ್ರಿ ಒಂದೂವರೆಗೆ ಇದನ್ನೆಲ್ಲ ಅವ್ರಿಗೆ ಹೇಳಿದ್ರೆ ನಾನು ಮನೆಗೆ ಬರ್ತಿದ್ದೆ ಅಂತೀರಾ ಮೇಡಂ?

ಕರಿಕೋಟು_ಕಮಲ
ಬರ್ತಿದ್ರಿ. ಎರಡು ಗಂಟೆ ಲೇಟಾಗಿ 😅

ಹುಬ್ಳಿ_ಬಸು
ಹಕ್ಕು ಪುಸ್ತಕದಾಗ ಐತಿ, ಲಾಠಿ ಕೈಯಾಗ ಐತಿ. ಇಷ್ಟ ನೋಡ್ರಿ ವ್ಯತ್ಯಾಸ.

ತೆರಿಗೆ_ಕಟ್ಟೋನು
ನಾನು ಇಲ್ಲಿ ಸುಮಾರು ಸಲ ಹೇಳಿದೀನಿ, ಬೈಸ್ಕೊಂಡಿದೀನಿ, ಮತ್ತೆ ಹೇಳ್ತೀನಿ. ಸಮಸ್ಯೆ ಆ ಪೇದೆಯದ್ದಲ್ಲ. ಸರ್ಕಾರದ ಕೈಗೆ ನಾವು ಕೊಟ್ಟಿರೋ ಅಧಿಕಾರದ ಉದ್ದ ಅಗಲದ್ದು. ಕುಡಿಯೋದು ಸೇದೋದು ತಿನ್ನೋದು ಯಾರ ಜೊತೆ ಓಡಾಡೋದು ಪ್ರತಿಯೊಂದಕ್ಕೂ ಕಾನೂನು ಬೇಕು ಅಂತೀವಿ, ಅದನ್ನ ಜಾರಿ ಮಾಡೋಕೆ ಪೊಲೀಸ್ ಬೇಕು, ಪೊಲೀಸ್‌ಗೆ ಪವರ್ ಬೇಕು, ಆಮೇಲೆ ಅದೇ ಪವರ್ ನಮ್ಮನೆ ಸೀಮಂತದ ಫೋಟೋ ನೋಡಿದಾಗ ಅಯ್ಯೋ ಅಂತೀವಿ. ಬೇರೆಯವ್ರಿಗೆ ತೊಂದ್ರೆ ಆಗದೇ ಇರೋದೆಲ್ಲ ಅಪರಾಧದ ಪಟ್ಟಿಯಿಂದ ತೆಗೀರಿ, ಅರ್ಧ ಚೆಕಿಂಗ್ ತಾನೇ ನಿಲ್ಲುತ್ತೆ.

ಶಿಸ್ತು_ಮೊದಲು
ನಿಮ್ಮ ಮಗ ಗಾಂಜಾ ಹೊಡ್ಕೊಂಡು ಬಂದ ದಿನ ಇದೇ ಡೈಲಾಗ್ ಹೊಡೀರಿ ನೋಡೋಣ.

ತೆರಿಗೆ_ಕಟ್ಟೋನು
ಬಂದ್ರೆ ನಾನು ಅಪ್ಪ ಆಗಿ ವಿಚಾರಿಸ್ಕೋತೀನಿ ಸ್ವಾಮಿ, ಇನ್ಸ್‌ಪೆಕ್ಟರ್ ಯಾಕೆ ಬೇಕು?

ಕೆಂಪು_ದಾಸವಾಳ
ನಿಮ್ಮಿಬ್ರದ್ದೂ ಒಂದೇ ಥರ ಕಾಣ್ತಿದೆ ನಂಗೆ. ಒಬ್ರಿಗೆ ಪೊಲೀಸ್ ಅಂದ್ರೆ ಕಾವಲುಗಾರ, ಇನ್ನೊಬ್ರಿಗೆ ತೆರಿಗೆ ದಂಡ. ಫೋನ್ ಯಾರದ್ದು ನೋಡ್ತಾರೆ, ಯಾರದ್ದು ನೋಡಲ್ಲ ಅಂತ ಯಾರೂ ಕೇಳ್ಲಿಲ್ಲ. ಅದೇ ಬ್ಯಾರಿಕೇಡ್‌ನಲ್ಲಿ ದೊಡ್ಡ ಕಾರು ಬಂದ್ರೆ ಟಾರ್ಚ್ ಒಳಗೆ ಬಿಡ್ತಾರೆ, "ಗುಡ್ ನೈಟ್ ಸಾರ್". ಡೆಲಿವರಿ ಹುಡುಗ, ನಾರ್ತ್ ಈಸ್ಟಿನ ಹುಡುಗಿ, ಸ್ಲಂ ಕಡೆಯೋನು ಬಂದ್ರೆ ಫೋನು, ಡಿಕ್ಕಿ, ಜೇಬು. ಸ್ವಾತಂತ್ರ್ಯ ಎಲ್ರಿಗೂ ಒಂದೇ ಅಳತೇಲಿ ಸಿಕ್ಕಿಲ್ಲ. ರೌಡಿ ಶೀಟ್ ತೆಗ್ದು ನೋಡಿ, ಅದರಲ್ಲಿ ಎಷ್ಟು ಜನ ಬಡವರ ಮಕ್ಕಳಿದಾರೆ ಅಂತ. ಇಪ್ಪತ್ತನೇ ವಯಸ್ಸಲ್ಲಿ ಒಂದು ಹೊಡೆದಾಟ, ನಲವತ್ತಾದ್ರೂ ಪ್ರತಿ ಹಬ್ಬಕ್ಕೂ ಠಾಣೆಗೆ ಹೋಗಿ ಪರೇಡ್.

ಕೊಟ್ಟೂರು_ಕೋಟ್ರ
ಇದು ಮಾತ್ರ ನಿಜ. ನಮ್ ಚಿಕ್ಕಪ್ಪಂಗೆ 52 ವರ್ಷ, ಮೊಮ್ಮಗು ಇದೆ. ಈಗ್ಲೂ ಗಣೇಶನ ಹಬ್ಬದ ಮುಂಚೆ ಕರೆಸಿ ಮುಚ್ಚಳಿಕೆ ಬರೆಸ್ಕೋತಾರೆ. ಹೋಗ್ವಾಗ ಮೊಮ್ಮಗೂಗೆ "ಐಸ್‌ಕ್ರೀಂ ತರಕ್ಕೆ ಹೋಗ್ತಿದೀನಿ" ಅಂತ ಸುಳ್ಳು ಹೇಳಿ ಹೋಗ್ತಾನೆ, ಬರ್ತಾ ತರ್ಲೇಬೇಕು.

ಹಳೇ_ಖಾಕಿ
ನಾನು ಎಎಸ್‌ಐ ಆಗಿ ರಿಟೈರ್ ಆದವನು. 34 ವರ್ಷ ಸರ್ವೀಸು. ಓದ್ತಾ ಇದ್ದೆ, ಸುಮ್ನಿರೋಣ ಅಂತಿದ್ದೆ, ಆಗ್ಲಿಲ್ಲ.

ಫೋನ್ ನೋಡಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಪಿಸಿ, ಅಂದ್ರೆ ಪೇದೆ, ಅವತ್ತು ಎಷ್ಟು ಗಂಟೆಯಿಂದ ನಿಂತಿದ್ದ ಅಂತ ಯಾರಾದ್ರೂ ಕೇಳಿದ್ರಾ? ಬೆಳಿಗ್ಗೆ ಕೋರ್ಟ್ ಡ್ಯೂಟಿ, ಮಧ್ಯಾಹ್ನ ಯಾರೋ ಮಂತ್ರಿ ಬಂದ್ರು ಅಂತ ಬಂದೋಬಸ್ತ್, ಸಂಜೆ ಸ್ಟೇಷನ್‌ಗೆ ಬಂದ್ರೆ ಸಾಹೇಬ್ರು "ನೈಟ್ ನಾಕಾಬಂದಿಗೆ ನೀನೇ ಹೋಗು" ಅಂತಾರೆ. ಮೇಲಿಂದ ಒಂದು ಸ್ಪೆಷಲ್ ಡ್ರೈವ್ ಅಂತ ಬರುತ್ತೆ. ಇಷ್ಟು ಕೇಸ್ ಬೇಕು. ಬರವಣಿಗೇಲಿ ಯಾರೂ ಕೊಡಲ್ಲ, ಮೈಕಲ್ಲಿ ಹೇಳ್ತಾರೆ, "ಆ ಠಾಣೆಯವ್ರು ನಾಲ್ಕು ಮಾಡಿದಾರೆ, ನಿಮ್ದು ಯಾಕೆ ಸೊನ್ನೆ?" ಅಷ್ಟೇ. ಆ ಸೊನ್ನೆ ಅಳಿಸಕ್ಕೆ ಆ ಹುಡುಗ ನಿಮ್ಮ ವಾಟ್ಸಾಪ್‌ನಲ್ಲಿ ಹುಡುಕ್ತಾನೆ.

ದಸರಾ ಬಂದೋಬಸ್ತ್‌ಗೆ ಮೈಸೂರಿಗೆ ಹಾಕಿದ್ರೆ ಕಲ್ಯಾಣ ಮಂಟಪದ ನೆಲದ ಮೇಲೆ ಇನ್ನೂರು ಜನ ಮಲಗ್ತಿದ್ವಿ, ಎರಡು ಬಾತ್‌ರೂಮು. ಬೆಳಿಗ್ಗೆ ಮೂರೂವರೆಗೇ ಕ್ಯೂ. ಪೊಟ್ಟಣದ ಪುಳಿಯೋಗರೆ ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆ ಆಗಿರ್ತಿತ್ತು. ಯಾರ ಹತ್ರ ಹೇಳ್ಕೊಳ್ಳೋದು? ನಮಗೆ ಸಂಘ ಕಟ್ಟೋ ಹಕ್ಕಿಲ್ಲ. 1966ರಿಂದ ಅದಕ್ಕೆ ಅಂತಾನೇ ಒಂದು ಕಾಯ್ದೆ ಇದೆ, ಪೊಲೀಸರ ಹಕ್ಕು ನಿರ್ಬಂಧಿಸೋ ಕಾಯ್ದೆ. ನೀವೆಲ್ಲ ಇಲ್ಲಿ ಸ್ವಾತಂತ್ರ್ಯ ಅಂತಿದೀರಲ್ಲ, ಆ ಬ್ಯಾರಿಕೇಡ್‌ನ ಆ ಕಡೆ ನಿಂತವನಿಗೂ ಅದು ಇಲ್ಲ.

ಹುಬ್ಳಿ_ಬಸು
2016ರ ಜೂನ್ 4 ನೆನಪೈತೇನ್ರಿ? ಪೊಲೀಸ್ರೆಲ್ಲ ಸಾಮೂಹಿಕ ರಜಾ ಹಾಕ್ತೀವಿ ಅಂದಿದ್ರು. ಸರ್ಕಾರ ಎಸ್ಮಾ (ಮುಷ್ಕರ ತಡೆಯೋ ಕಾಯ್ದೆ) ಹಾಕ್ತು, ಮುಂದ ನಿಂತವ್ರನ್ನ ಒಳಗ ಹಾಕಿದ್ರು. ಆಮ್ಯಾಲೆ ಔರಾದಕರ್ ಕಮಿಟಿ ಮಾಡಿ ಪಗಾರ ಸ್ವಲ್ಪ ಏರ್ಸಿದ್ರು, ಅದೂ ವರ್ಷಗಟ್ಟಲೆ ಎಳದು. ರಜಾ ಕೇಳಿದವ್ರಿಗೆ ರಾಜದ್ರೋಹದ ಕೇಸ್, ಎಂಥಾ ಲೆಕ್ಕ ನೋಡ್ರಿ.

ಕರಾವಳಿ_ಕಾಗೆ
ಹಳೇ ಖಾಕಿ ಸರ್, ನಿಮ್ಮ ಕಷ್ಟ ಒಪ್ಪಿದೆ ಮಾರಾಯ್ರೇ, ಆದ್ರೆ ಒಂದು ಕೇಳ್ಲಾ? ನರ್ಸುಗಳೂ ಡಬಲ್ ಡ್ಯೂಟಿ ಮಾಡ್ತಾರೆ, ಅವ್ರು ಪೇಶಂಟಿನ ಫೋನ್ ನೋಡುದಿಲ್ಲ. ಸುಸ್ತು ಎಂಬುದು ಎಲ್ಲದಕ್ಕೂ ಸಬೂಬು ಆಗುದಿಲ್ಲ.

ಹಳೇ_ಖಾಕಿ
ಸಬೂಬು ಅಂತ ಹೇಳ್ಲಿಲ್ಲ. ಕಾರಣ ಹೇಳಿದೆ. ಎರಡಕ್ಕೂ ವ್ಯತ್ಯಾಸ ಇದೆ.

ಕರಾವಳಿ_ಕಾಗೆ
ಉಂಟು. ಆದ್ರೆ ಪೆಟ್ಟು ತಿಂದವನಿಗೆ ಎರಡೂ ಒಂದೇ.

ಡಬ್ಲಿನ್_ದ್ಯಾವಣ್ಣ
ನಾನು ಹಾಸನದವ್ನು, ಏಳು ವರ್ಷದಿಂದ ಐರ್ಲೆಂಡ್‌ನಲ್ಲಿದೀನಿ. ಒಂದು ತಮಾಷೆ ಹೇಳ್ತೀನಿ ಕೇಳಿ. ನಮ್ಮ 1861ರ ಪೊಲೀಸ್ ಕಾಯ್ದೆ ಇದೆಯಲ್ಲ, 1857ರ ದಂಗೆ ಆದ್ಮೇಲೆ ಬ್ರಿಟಿಷರು ತಂದಿದ್ದು, ಅದರ ಬೇರು ಹುಡುಕಿದ್ರೆ ಇಲ್ಲಿಗೇ ಬರುತ್ತೆ. ಐರಿಷ್ ಜನರನ್ನ ಅದುಮಿಡೋಕೆ ಬ್ರಿಟಿಷರು ಇಲ್ಲಿ ಕಟ್ಟಿದ್ದ ಪಡೆಯ ಮಾದರಿಯನ್ನ ನೇಪಿಯರ್ ಅನ್ನೋ ಬ್ರಿಟಿಷ್ ಜನರಲ್ ಮೊದಲು ಸಿಂಧ್ ಪ್ರಾಂತ್ಯಕ್ಕೆ ತಗೊಂಡು ಹೋದ, ಆಮೇಲೆ ಅದು ಇಡೀ ಇಂಡಿಯಾಕ್ಕೆ ಹಬ್ಬಿತು. ಜನರ ಸೇವೆಗಲ್ಲ, ಜನರ ಮೇಲೆ ಕಣ್ಣಿಡಕ್ಕೆ. ಐರಿಷ್‌ನವರು 1922ರಲ್ಲೇ ಆ ಪಡೆ ಎತ್ತಿ ಬಿಸಾಕಿದ್ರು. ಈಗ ಇಲ್ಲಿ ಬೀದೀಲಿ ಸಿಗೋ ಗಾರ್ಡಾಗಳಲ್ಲಿ (ಇಲ್ಲಿನ ಪೊಲೀಸರು) ಬಹುತೇಕರ ಹತ್ರ ಬಂದೂಕೇ ಇರಲ್ಲ. ದೂರು ಕೊಟ್ರೆ ಪೊಲೀಸ್ ಅಲ್ಲದ ಬೇರೆ ಸಂಸ್ಥೆ ವಿಚಾರಣೆ ಮಾಡುತ್ತೆ. ನಾವು ಮಾತ್ರ ಅವರ ಹಳೇ ಕೋಟನ್ನ ಒಗೆದು ಇಸ್ತ್ರಿ ಹಾಕಿ ಹಾಕ್ಕೊಂಡು ತಿರುಗ್ತಿದೀವಿ.

ಶಿಸ್ತು_ಮೊದಲು
ಅಲ್ಲಿ ಜನಸಂಖ್ಯೆ ಎಷ್ಟು ಸ್ವಾಮಿ? ನಮ್ಮ ಬೆಂಗಳೂರಿನ ಅರ್ಧ ಇಲ್ಲ ಇಡೀ ದೇಶ. ಅಲ್ಲೀದು ತಂದು ಇಲ್ಲಿ ಹೇಳ್ಬೇಡಿ.

ಡಬ್ಲಿನ್_ದ್ಯಾವಣ್ಣ
ಅಲ್ಲೀದನ್ನ ಇಲ್ಲಿಗೆ ತಂದಿದ್ದು ನಾನಲ್ಲ ಅಂತಾನೇ ಹೇಳ್ತಿರೋದು 🙂

ಕರಿಕೋಟು_ಕಮಲ
ಸಣ್ಣ ತಿದ್ದುಪಡಿ ದ್ಯಾವಣ್ಣ. ನಮ್ಮಲ್ಲಿ ನಡೆಯೋದು 1963ರ ಕರ್ನಾಟಕ ಪೊಲೀಸ್ ಕಾಯ್ದೆ, 1861ರದ್ದಲ್ಲ. ಆದ್ರೆ ಮೈಕಟ್ಟು ಅದೇ, ಅದು ಒಪ್ತೀನಿ.

ಸುಧಾರಣೆ ವಿಷಯಕ್ಕೆ ಬಂದ್ರೆ ಔಷಧಿ ಏನು ಅಂತ ಗೊತ್ತಿಲ್ದೆ ಏನಿಲ್ಲ. 1977ರಿಂದ 81ರ ತನಕ ಧರ್ಮವೀರ ಆಯೋಗ 8 ವರದಿ ಕೊಡ್ತು, ಧೂಳು ಹಿಡೀತು. ಉತ್ತರ ಪ್ರದೇಶದ ಡಿಜಿಪಿ ಆಗಿದ್ದ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ್ರು. 10 ವರ್ಷ ಆದ್ಮೇಲೆ, 2006ರ ಸೆಪ್ಟೆಂಬರ್ 22ಕ್ಕೆ ತೀರ್ಪು ಬಂತು. ಏಳು ನಿರ್ದೇಶನ. ಸರ್ಕಾರ ಪೊಲೀಸರನ್ನ ಬೇಕಾಬಿಟ್ಟಿ ಆಡಿಸದ ಹಾಗೆ ಒಂದು ಆಯೋಗ, ಡಿಜಿಪಿಯಿಂದ ಠಾಣಾಧಿಕಾರಿ ತನಕ ಕನಿಷ್ಠ 2 ವರ್ಷದ ಅವಧಿ, ತನಿಖೆಗೇ ಬೇರೆ ಸಿಬ್ಬಂದಿ, ವರ್ಗಾವಣೆ ನೋಡ್ಕೊಳ್ಳೋಕೆ ಇಲಾಖೆಯದ್ದೇ ಮಂಡಳಿ, ಪೊಲೀಸರ ಮೇಲಿನ ದೂರಿಗೆ ರಾಜ್ಯಕ್ಕೊಂದು ಜಿಲ್ಲೆಗೊಂದು ಪ್ರಾಧಿಕಾರ. ಹೀಗೆ.

ನಮ್ಮ ರಾಜ್ಯ 2012ರಲ್ಲಿ ಕಾಯ್ದೆ ತಿದ್ದಿ ಕೆಲವನ್ನ ಸೇರಿಸ್ತು. ಠಾಣೆ ಮಟ್ಟದ ಅವಧಿ ಮಾತ್ರ 1 ವರ್ಷ ಅಂತ ಮಾಡ್ಕೊಂಡ್ರು. 2024ರಲ್ಲಿ ಮತ್ತೆ ತಿದ್ದಿ 2 ವರ್ಷ ಮಾಡಿದಾರೆ.

ಹಳೇ_ಖಾಕಿ
ಕಾಗದದಲ್ಲಿ 2 ವರ್ಷ. ಒಳ್ಳೇ ಠಾಣೆ ಬೇಕು ಅಂದ್ರೆ ಎಂಎಲ್‌ಎ ಸಾಹೇಬ್ರ ಮಿನಿಟ್ ಬೇಕು. ಲೆಟರ್ ಇಲ್ದೆ ಇನ್ಸ್‌ಪೆಕ್ಟರ್ ಸೀಟಲ್ಲಿ ಕೂತವರು ನನ್ನ ಸರ್ವೀಸಲ್ಲಿ ಇಬ್ಬರನ್ನ ನೋಡಿದೀನಿ. ಇಬ್ರೂ ಜಾಸ್ತಿ ದಿನ ಕೂರ್ಲಿಲ್ಲ.

ಕೊಟ್ಟೂರು_ಕೋಟ್ರ
ದೇವ್ರು ವರ ಕೊಟ್ರೂ ಪೂಜಾರಿ ಕೊಡ.

ಬಿಸ್ಲೂರ್_ಬೀರಪ್ಪ
ಪೂಜಾರಿ ಯಾಕ್ ಕೊಡ್ತಾನ್ರೀ? ಮೇಲಿನ ಕಮಿಟಿ ಬಂದ್ರ ಅವನ ತಟ್ಟಿಗಿ ಬೀಳೋದು ನಿಲ್ತದ. ಎಂಎಲ್‌ಎ ಚುನಾವಣ್ಯಾಗ ಖರ್ಚು ಮಾಡಿದ್ದು ಎಲ್ಲಿಂದ ತೆಗೀಬೇಕು? ಪಿಎಸ್‌ಐ ಪರೀಕ್ಷಾ ನೋಡ್ರಿ, 545 ಪೋಸ್ಟಿನ ನೇಮಕಾತ್ಯಾಗ ಎಂಥಾ ಅಕ್ರಮ ಆಯ್ತು ಅಂತ. ನಮ್ ಕಲಬುರಗಿ ಸೆಂಟರಿಂದಾನೇ ಹೊರಗ ಬಿತ್ತು. ನೇಮಕಾತಿ ನೋಡ್ಕೊಳ್ಳೋ ಎಡಿಜಿಪೀನೇ 2022ರಾಗ ಅರೆಸ್ಟ್ ಆದ್ರು. ಪ್ರಾಮಾಣಿಕವಾಗಿ ಓದಿ ಬರ್ದ ಹುಡುಗ್ರು ಎರಡು ವರ್ಷ ಬಿಸಲಾಗ ಕುಂತ್ರು, ಮತ್ತ ಪರೀಕ್ಷಾ ಬರೀಬೇಕಾಯ್ತು. ನಮ್ಮಕ್ಕನ ಮಗ ಅದ್ರಾಗ ಒಬ್ಬ. ಎರಡ್ನೇ ಸಲ ಅವನಿಗಿ ಬರಿಲಿಕ್ಕೇ ಮನಸಿಲ್ಲ, ಈಗ ಕಿರಾಣಿ ಅಂಗಡಿ ಇಟ್ಕೊಂಡಾನ.

ಮಂಡ್ಯ_ಮಾದಪ್ಪ
ಲೋ ಅಂಗಡಿ ಚೆನ್ನಾಗಿ ನಡೀತೈತಾ? ಪಿಎಸ್‌ಐಗಿಂತ ನಿದ್ದೆ ಚೆನ್ನಾಗಿ ಬತ್ತದೆ ಬುಡು.

ಬಿಸ್ಲೂರ್_ಬೀರಪ್ಪ
ನಡೀತದ. ಮಾಮೂಲಿ ಕೊಡೋದು ಮಾತ್ರ ಬ್ಯಾಸರ ಅಂತಾನ 😂

ಶಿಸ್ತು_ಮೊದಲು
ಎಲ್ರೂ ಸೇರಿ ಪೊಲೀಸರನ್ನ ಬೈದು ಮುಗಿಸಿ. ಇಂಡಿಯಾ ಜಸ್ಟಿಸ್ ರಿಪೋರ್ಟ್ 2025ರಲ್ಲಿ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕಾನೇ ನಂಬರ್ ಒನ್, ಅದನ್ನ ಯಾರೂ ಹೇಳಲ್ಲ. 112ಗೆ ಫೋನ್ ಮಾಡಿದ್ರೆ ಹೊಯ್ಸಳ ಗಸ್ತು ಗಾಡಿ ಬರುತ್ತೆ. ನಮ್ಮ ಪಕ್ಕದ ಮನೇಲಿ ಒಬ್ರೇ ಇರೋ ಅಜ್ಜಿ ಬಾತ್‌ರೂಮಲ್ಲಿ ಬಿದ್ದಾಗ ಬಾಗಿಲು ಒಡೆದು ಎತ್ಕೊಂಡು ಹೋಗಿದ್ದು ಅದೇ ಖಾಕಿ. ಅವ್ರ ಕೈ ಕಟ್ಟಿಹಾಕಿ ಆಮೇಲೆ ಕಳ್ಳತನ ಆದ್ರೆ ಯಾಕೆ ಹಿಡೀಲಿಲ್ಲ ಅಂತ ಕೇಳ್ಬೇಡಿ.

ಕೆಂಪು_ದಾಸವಾಳ
ಆ ರಿಪೋರ್ಟು ಪೊಲೀಸ್ ಒಂದೇ ಅಲ್ಲ, ಕೋರ್ಟು ಜೈಲು ಕಾನೂನು ನೆರವು ಎಲ್ಲ ಸೇರಿಸಿ ಅಳೆಯೋದು. ಎಷ್ಟು ಹುದ್ದೆ ತುಂಬಿದೆ, ಎಷ್ಟು ಬಜೆಟ್ ಕೊಟ್ಟಿದೆ, ಇಂಥವು. ಬ್ಯಾರಿಕೇಡ್ ಹತ್ರ ಏನಾಗುತ್ತೆ ಅನ್ನೋದು ಅದರಲ್ಲಿ ಬರಲ್ಲ. ಕ್ಲಾಸಲ್ಲಿ ಫಸ್ಟ್ ಬಂದೋನು ಕೂಡ 35 ಮಾರ್ಕ್ಸಿಗೇ ಪಾಸಾಗಿರ್ಬಹುದು, ಉಳಿದವ್ರು ಫೇಲ್.

ಅಜ್ಜಿನ ಎತ್ಕೊಂಡು ಹೋದೋರಿಗೆ ನಮಸ್ಕಾರ. ಅದು ನಿಜವಾಗ್ಲೂ.

ತೆರಿಗೆ_ಕಟ್ಟೋನು
ಶಿಸ್ತು ಸಾಹೇಬ್ರೇ, 2022ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ರಾತ್ರಿ ಬರ್ತ್‌ಡೇ ಕೇಕ್ ಕಟ್ ಮಾಡಿ ನಡ್ಕೊಂಡು ಮನೆಗೆ ಹೋಗ್ತಿದ್ದ ಗಂಡ ಹೆಂಡ್ತಿನ ನಿಲ್ಲಿಸಿ, ಹನ್ನೊಂದು ಗಂಟೆ ಮೇಲೆ ರಸ್ತೇಲಿ ಓಡಾಡೋ ಹಾಗಿಲ್ಲ ಅಂತ 3 ಸಾವಿರ ಕೇಳಿ, ಕೊನೆಗೆ 1 ಸಾವಿರ ಕ್ಯೂಆರ್ ಕೋಡ್‌ಗೆ ಹಾಕಿಸ್ಕೊಂಡಿದ್ರಲ್ಲ, ಅದು ಯಾವ ಕೈ? ಕಟ್ಟಿ ಹಾಕಿದ್ದಾ ಬಿಚ್ಚಿದ್ದಾ? ಗಂಡ ಟ್ವೀಟ್ ಮಾಡಿದ್ದಕ್ಕೆ ಸಸ್ಪೆಂಡ್ ಆಯ್ತು. ಟ್ವಿಟರ್ ಅಕೌಂಟ್ ಇಲ್ದಿರೋರ ಕಥೆ ಏನು?

ಮಂಡ್ಯ_ಮಾದಪ್ಪ
ಲಂಚಕ್ಕೂ ಕ್ಯೂಆರ್ ಕೋಡ್. ಡಿಜಿಟಲ್ ಇಂಡಿಯಾ ಅಂದ್ರೆ ಇದಪ್ಪ.

ಶಿಸ್ತು_ಮೊದಲು
ಅದು ತಪ್ಪೇ, ಶಿಕ್ಷೆ ಆಯ್ತಲ್ಲ. ಇಬ್ರು ಮಾಡಿದ್ದಕ್ಕೆ ಇಡೀ ಇಲಾಖೆಗೆ ಮಸಿ ಬಳೀಬೇಡಿ.

ಕರಾವಳಿ_ಕಾಗೆ
ಮಸಿ ಅಲ್ಲ ಮಾರಾಯ್ರೇ. ನೀವು ಮೂವರೂ ಯಾವ ಸರ್ಕಾರ ಇದ್ದಾಗ ಯಾವ ವಾದ ಮಾಡಿದ್ರಿ ಅಂತ ಹಳೇ ಪೋಸ್ಟ್ ತೆಗೆದ್ರೆ ಭಾರೀ ತಮಾಷೆ ಉಂಟು. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ 144 (ಗುಂಪು ಸೇರುದಕ್ಕೆ ನಿಷೇಧ) ಹಾಕಿ, ಟೌನ್‌ಹಾಲ್ ಎದುರು ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಟಿವಿ ಕ್ಯಾಮೆರಾ ಮುಂದೆಯೇ ಎಳೆದುಕೊಂಡು ಹೋದಾಗ ಶಿಸ್ತು ಅವ್ರು "ಸರಿಯಾಯ್ತು" ಅಂದದ್ದು. ಆ ಆದೇಶ ಕಾನೂನುಬಾಹಿರ ಅಂತ 2020ರ ಫೆಬ್ರವರಿಯಲ್ಲಿ ಹೈಕೋರ್ಟ್ ಹೇಳಿತು. ಆಗ ದಾಸವಾಳದವ್ರು ಪಟಾಕಿ ಹೊಡೆದ್ರು. ಸರ್ಕಾರ ಬದಲಾಯ್ತು, ಈಗ ಯಾರಾದ್ರೂ ಫೇಸ್‌ಬುಕ್ಕಲ್ಲಿ ಮುಖ್ಯಮಂತ್ರಿಗೆ ಏನೋ ಬರೆದು ಒಳಗೆ ಹೋದ್ರೆ ಶಿಸ್ತು ಅವ್ರಿಗೆ ವಾಕ್ ಸ್ವಾತಂತ್ರ್ಯ ನೆನಪಾಗ್ತದೆ, ದಾಸವಾಳದವ್ರಿಗೆ ಸುಳ್ಳು ಸುದ್ದಿ ತಡೆಯುವ ಚಿಂತೆ.

ಕೆಂಪು_ದಾಸವಾಳ
ನಾನು ಎಲ್ಲಿ ಹಾಗಂದೆ ತೋರ್ಸಿ.

ಕರಾವಳಿ_ಕಾಗೆ
ಹುಡುಕಿ ಹಾಕ್ತೇನೆ, ಇರಿ. ಊಟ ಆಗಿಲ್ಲ ಇನ್ನು.

ಹುಬ್ಳಿ_ಬಸು
ಐಟಿ ಕಾಯ್ದೆ 66ಎ ಕಥಿನೂ ಹಂಗ, ಆನ್‌ಲೈನ್‌ನಾಗ ಬರದಿದ್ದಕ್ಕ ಕೇಸ್ ಹಾಕೋ ಸೆಕ್ಷನ್. ತಂದವ್ರು ಒಬ್ರು, ಬಳಸಿದವ್ರು ಎಲ್ಲಾರೂ. 2015ರಾಗ ಸುಪ್ರೀಂ ಕೋರ್ಟ್ ಹೊಡದು ಹಾಕಿದ ಮ್ಯಾಲೂ ಆ ಸೆಕ್ಷನ್ ಮ್ಯಾಲೆ ಠಾಣ್ಯಾಗ ಕೇಸ್ ಹಾಕ್ತಿದ್ರು. ಸತ್ತ ಕಾನೂನಿಗೆ ತಿಥಿ ಮಾಡೂದೇ ಮರತಾರ.

ಹಾಸ್ಟೆಲ್_ಹಕ್ಕಿ
ಫ್ರೀಡಂ ಪಾರ್ಕ್ ವಿಷಯ ಯಾರೂ ಎತ್ಲಿಲ್ವಾ? 2021ರಿಂದ ಬೆಂಗಳೂರಲ್ಲಿ ಪ್ರತಿಭಟನೆ ಮಾಡ್ಬೇಕಂದ್ರೆ ಅಲ್ಲೇ ಮಾಡ್ಬೇಕು, ಬೇರೆ ಕಡೆ ನಿಂತ್ರೆ ಕೇಸು. ನಾವು ಸ್ಕಾಲರ್‌ಶಿಪ್ ಬಂದಿಲ್ಲ ಅಂತ ಹೋಗಿದ್ವಿ. ಒಳಗೆ ಹೋಗಿ ಘೋಷಣೆ ಕೂಗಿ ಕೂಗಿ ಗಂಟಲು ಹೋಯ್ತು, ಕೇಳಿಸ್ಕೊಂಡಿದ್ದು ನಮ್ಮಷ್ಟೇ ಜನ ಇದ್ದ ಪಕ್ಕದ ಟೆಂಟಿನ ಆಶಾ ಅಕ್ಕಂದಿರು. ಅವ್ರು ನಮಗೆ ಕೂಗಿದ್ರು, ನಾವು ಅವ್ರಿಗೆ ಕೂಗಿದ್ವಿ. ಕೊನೆಗೆ ಚಿತ್ರಾನ್ನ ಹಂಚ್ಕೊಂಡು ತಿಂದ್ವಿ.

ಡಬ್ಲಿನ್_ದ್ಯಾವಣ್ಣ
ಅದು ಹಳೇ ಸೆಂಟ್ರಲ್ ಜೈಲು ಅಲ್ವಾ. 1975ರಲ್ಲಿ ಎಮರ್ಜೆನ್ಸಿ ಹಾಕಿದಾಗ ವಾಜಪೇಯಿ, ಅಡ್ವಾಣಿ ಬೆಂಗಳೂರಿಗೆ ಸಂಸದೀಯ ಸಮಿತಿ ಸಭೆಗೆ ಅಂತ ಬಂದಿದ್ರು, ಇಲ್ಲೇ ಹಿಡಿದು ಅದೇ ಜೈಲಿಗೆ ಹಾಕಿದ್ರು. ನಟಿ ಸ್ನೇಹಲತಾ ರೆಡ್ಡಿ ಅವ್ರನ್ನೂ ಅಲ್ಲೇ ಇಟ್ಟಿದ್ರು, ಆಸ್ತಮಾ ಇತ್ತು, ಸರಿಯಾಗಿ ಔಷಧಿ ಸಿಗ್ಲಿಲ್ಲ. ಬಿಟ್ಟ ಸ್ವಲ್ಪ ದಿನಕ್ಕೆ, 1977ರ ಜನವರೀಲಿ ತೀರ್ಕೊಂಡ್ರು. ಬಲದವ್ರೂ ಸಮಾಜವಾದಿಗಳೂ ಒಂದೇ ಗೋಡೆ ಒಳಗೆ. ಈಗ ಸ್ವಾತಂತ್ರ್ಯ ಬೇಕಾದೋರು ಅದೇ ಗೋಡೆ ಒಳಗೆ ಹೋಗಿ ಕೂಗ್ಬೇಕು ಅಂತ ಆದೇಶ ಮಾಡಿದಾರೆ.

ಶಿಸ್ತು_ಮೊದಲು
ಎಮರ್ಜೆನ್ಸಿ ಹಾಕಿದ್ದು ಯಾರು ಅಂತ ನೆನಪಿಸಿದ್ದಕ್ಕೆ ಥ್ಯಾಂಕ್ಸ್.

ಹಾಸ್ಟೆಲ್_ಹಕ್ಕಿ
2021ರ ಆದೇಶ ಬಂದಾಗ ಯಾರಿದ್ರು ಅಂತಾನೂ ನೆನಪಿಸ್ಲಾ ಅಂಕಲ್?

ಮಂಡ್ಯ_ಮಾದಪ್ಪ
ಅಂಕಲ್ ಅಂದ್ಬುಟ್ಳು. ಮುಗೀತು ಕತೆ.

ಹಳೇ_ಖಾಕಿ
ಚಿನ್ನಸ್ವಾಮಿ ಕಾಲ್ತುಳಿತ ನೋಡಿ. 2025ರ ಜೂನ್ 4. ಹಿಂದಿನ ರಾತ್ರಿ ಆರ್‌ಸಿಬಿಯವ್ರು ಐಪಿಎಲ್ ಕಪ್ ಗೆದ್ದಿದ್ರು, ಇಡೀ ಊರು ಬೆಳಗಿನ ಜಾವದ ತನಕ ರಸ್ತೇಲಿ, ಪೊಲೀಸರೂ ರಸ್ತೇಲಿ. ಮರುದಿನವೇ ಮೆರವಣಿಗೆ, ಸನ್ಮಾನ. 11 ಜನ ಹೋದ್ರು, ಎಲ್ಲ ಚಿಕ್ಕ ವಯಸ್ಸಿನವ್ರು. ಮರುದಿನ ರಾತ್ರಿ ಕಮಿಷನರ್ ಸಸ್ಪೆಂಡ್. ಇಷ್ಟು ಬೇಗ ಬೇಡ ಅಂತ ಹೇಳೋ ಧೈರ್ಯ ಯಾವ ಅಧಿಕಾರಿಗೆ ಇರುತ್ತೆ ಹೇಳಿ, ಕುರ್ಚಿ ಅವ್ರ ಕೈಲಿದ್ರೆ? ಸಸ್ಪೆಂಡ್ ಆದ ಒಬ್ಬ ಅಧಿಕಾರಿ ಸಿಎಟಿಗೆ (ಕೇಂದ್ರ ಆಡಳಿತ ನ್ಯಾಯಮಂಡಳಿ) ಹೋದ್ರು, ಪೊಲೀಸರೂ ಮನುಷ್ಯರೇ, ಅವ್ರೇನು ದೇವರೂ ಅಲ್ಲ ಜಾದೂಗಾರರೂ ಅಲ್ಲ ಅನ್ನೋ ಅರ್ಥದ ಮಾತು ಹೇಳಿ ಅದು ಸಸ್ಪೆನ್ಶನ್ ರದ್ದು ಮಾಡ್ತು. ಆಮೇಲೆ ಸರ್ಕಾರವೂ ವಾಪಸ್ ತಗೊಂಡ್ತು. ಕಮಲಮ್ಮ ಹೇಳಿದ ಏಳು ನಿರ್ದೇಶನದ ಅಗತ್ಯ ಎಲ್ಲಿ ಬೀಳುತ್ತೆ ಅಂತ ಅವತ್ತು ನಂಗೆ ಅರ್ಥ ಆಯ್ತು, ರಿಟೈರ್ ಆದ್ಮೇಲೆ.

ತೆರಿಗೆ_ಕಟ್ಟೋನು
ಇದಕ್ಕೆ ನಾನೂ ಕೈ ಎತ್ತೀನಿ. ಆದ್ರೆ ಪೊಲೀಸರಿಗೆ ಸ್ವಾಯತ್ತತೆ ಕೊಟ್ಟು ಮೇಲೆ ಕಾವಲು ಇಲ್ದಿದ್ರೆ ಇನ್ನೂ ಅಪಾಯ. ಎಂಎಲ್‌ಎನ ಆದ್ರೂ 5 ವರ್ಷಕ್ಕೊಮ್ಮೆ ಮನೆಗೆ ಕಳಿಸ್ಬಹುದು, ಎಸ್‌ಪೀನ?

ಕೆಂಪು_ದಾಸವಾಳ
ಮೊದಲ ಸಲ ನಿಮ್ ಮಾತು ಒಪ್ತೀನಿ. ಸ್ಕ್ರೀನ್‌ಶಾಟ್ ತೆಗ್ದಿಟ್ಕೋತೀನಿ.

ಕರಿಕೋಟು_ಕಮಲ
ಅದಕ್ಕೇ ದೂರು ಪ್ರಾಧಿಕಾರ ಮುಖ್ಯ. ಡಿವೈಎಸ್ಪಿ ಮಟ್ಟದ ತನಕದ ಪೊಲೀಸರ ಮೇಲಿನ ದೂರು ಜಿಲ್ಲಾ ಪ್ರಾಧಿಕಾರಕ್ಕೆ, ಎಸ್‌ಪಿ ಮತ್ತು ಮೇಲಿನವರದ್ದು ರಾಜ್ಯ ಪ್ರಾಧಿಕಾರಕ್ಕೆ ಹೋಗ್ಬೇಕು ಅಂತ ತೀರ್ಪು. ನಿಮ್ಮ ನಿಮ್ಮ ಜಿಲ್ಲೇಲಿ ಆ ಆಫೀಸ್ ಎಲ್ಲಿದೆ ಅಂತ ಇಲ್ಲಿ ಯಾರಿಗಾದ್ರೂ ಗೊತ್ತಾ? ಪ್ರಾಮಾಣಿಕವಾಗಿ ಹೇಳಿ.

ಹುಬ್ಳಿ_ಬಸು
ಇಲ್ಲ.

ಕರಾವಳಿ_ಕಾಗೆ
ಹೆಸರೇ ಇವತ್ತು ಕೇಳಿದ್ದು.

ಶಿಸ್ತು_ಮೊದಲು
ಗೊತ್ತಿಲ್ಲ.

ಹಳೇ_ಖಾಕಿ
34 ವರ್ಷ ಇಲಾಖೇಲಿದ್ದು ನಂಗೂ ಗೊತ್ತಿಲ್ಲಮ್ಮ.

ಕರಿಕೋಟು_ಕಮಲ
ಹಾಗಾದ್ರೆ ಕೈಗೆ ಸಿಗೋ ಕೆಲವು ಹೇಳ್ತೀನಿ ನಾಗ ಅವ್ರೇ, ಎಲ್ರಿಗೂ ಉಪಯೋಗ. 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವ್ರೇ ಹೇಳಿದ್ರು, ಕಣ್ಣಿಗೆ ಕಾಣೋ ತಪ್ಪು ಇಲ್ದೆ ಬರೀ ದಾಖಲೆ ನೋಡಕ್ಕೆ ಅಂತ ಗಾಡಿ ನಿಲ್ಲಿಸ್ಬಾರ್ದು, ಕುಡಿದು ಓಡಿಸೋದರ ತಪಾಸಣೆ ಬಿಟ್ಟು ಅಂತ. ಠಾಣೆಗೆ ಕರೆದ್ರೆ ಲಿಖಿತ ನೋಟಿಸ್ ಕೇಳಿ. ಹೆಂಗಸರನ್ನ, 60 ದಾಟಿದವರನ್ನ, 15ರ ಒಳಗಿನ ಹುಡುಗರನ್ನ ಸಾಕ್ಷಿ ಅಂತ ವಿಚಾರಿಸೋದಾದ್ರೆ ಅವ್ರೇ ಮನೆಗೆ ಬರ್ಬೇಕು. ದೂರು ತಗೊಳ್ಳಲ್ಲ ಅಂದ್ರೆ ಹಿಂಬರಹ, ಅಂದ್ರೆ ಲಿಖಿತ ಉತ್ತರ, ಕೊಡಿ ಅನ್ನಿ. ಹಿಂಬರಹ ಅಂದ ತಕ್ಷಣ ರೈಟರ್ ಮುಖ ನೋಡ್ಬೇಕು ನೀವು. ಠಾಣೆ ಸಿಸಿಟಿವಿ ಫೂಟೇಜ್ ಇಟ್ಕೋಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಏನಾದ್ರೂ ಆದ್ರೆ ಬೇಗ ಬರವಣಿಗೇಲಿ ಕೇಳಿ.

ಹಳೇ_ಖಾಕಿ
ನಮ್ಮ ಠಾಣೆ ಕ್ಯಾಮೆರಾದಲ್ಲಿ ಜೇಡ ಸಂಸಾರ ಹೂಡಿತ್ತು. ಆಯುಧ ಪೂಜೆಗೆ ಮಾತ್ರ ಒರೆಸಿ ಕುಂಕುಮ ಇಡ್ತಿದ್ವಿ.

ಮಂಡ್ಯ_ಮಾದಪ್ಪ
😂😂 ಲೆನ್ಸ್ ಮೇಲೇ ಇಟ್ರಾ ಸಾ?

ಹಳೇ_ಖಾಕಿ
ಇಟ್ಟಿದ್ದ ಒಬ್ಬ. ಹೆಸರು ಹೇಳಲ್ಲ.

ಹಾಸ್ಟೆಲ್_ಹಕ್ಕಿ
ಹೊಸ ಟೋಪಿ ಬಗ್ಗೆ ಏನಂತೀರಾ ಸರ್? ಸ್ಲೋಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂತಲ್ಲ.

ಹಳೇ_ಖಾಕಿ
ಅದೊಂದು ಒಳ್ಳೇದಾಯ್ತಮ್ಮ. ಹಳೇದು ಬಿಸಿಲಿಗೆ ತಲೆ ಬೇಯಿಸ್ತಿತ್ತು, ಗಲಾಟೆಯಲ್ಲಿ ಓಡಿದ್ರೆ ಬೀಳ್ತಿತ್ತು. ಬಿದ್ದ ಟೋಪಿ ಎತ್ಕೊಳ್ಳೋಕೆ ಹೋಗಿ ಕಲ್ಲೇಟು ತಿಂದವ್ರಿದಾರೆ. ಟೋಪಿ ಬದಲಾಯಿಸಕ್ಕೆ ಇಷ್ಟು ವರ್ಷ ಆಯ್ತು, ತಲೆ ಒಳಗಿಂದು ಬದಲಾಯಿಸಕ್ಕೆ ಎಷ್ಟು ಬೇಕು ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ.

ನೈಟ್‌ಶಿಫ್ಟ್_ನಾಗ
ಎಲ್ರಿಗೂ ಥ್ಯಾಂಕ್ಸ್. ಅಪ್ಡೇಟ್ ಇದೆ. ನಿನ್ನೆ ರಾತ್ರಿ ಅದೇ ಸರ್ಕಲ್, ಅದೇ ಬ್ಯಾರಿಕೇಡ್, ಅದೇ ಪೊಲೀಸಪ್ಪ. ದಾರೀಲೆಲ್ಲ "ವಾರಂಟ್ ಇದೆಯಾ ಸಾರ್" ಅಂತ ಪ್ರಾಕ್ಟೀಸ್ ಮಾಡ್ಕೊಂಡು ಬಂದಿದ್ದೆ. ಎದೆ ಡವ ಡವ. ಆಯಪ್ಪ ಹತ್ರ ಬಂದು, "ಪವರ್ ಬ್ಯಾಂಕ್ ಇದೆಯಾ ಗುರು? ನಂದು ಆಫ್ ಆಗಿದೆ, ಮಗೂಗೆ ಜ್ವರ, ಮನೆಯಿಂದ ಫೋನ್ ಬರುತ್ತೆ" ಅಂದ. ನನ್ನ ಗುರುತು ಸಿಕ್ಕಿಲ್ಲ.

ಕೊಟ್ಟೂರು_ಕೋಟ್ರ
ಕೊಟ್ಯಾ?

ನೈಟ್‌ಶಿಫ್ಟ್_ನಾಗ
ಕೊಟ್ಟೆ. ಹತ್ತು ನಿಮಿಷ ಅಲ್ಲೇ ಫುಟ್‌ಪಾತ್ ಮೇಲೆ ಕೂತಿದ್ವಿ. ಹೆಂಡ್ತಿ ಮೆಸೇಜ್ ಬಂತು, 99ಕ್ಕೆ ಇಳಿದಿದೆ ಅಂತ. ನಾನು ಆಗ ಹೇಳಿದೆ, "ಸಾರ್ ಹೋದ ವಾರ ನನ್ನ ಫೋನ್ ನೋಡಿದ್ರಿ, ಅದರಲ್ಲಿ ನನ್ ಹೆಂಡ್ತಿ ಫೋಟೋ ಇತ್ತು, ಬೇಜಾರಾಯ್ತು" ಅಂತ. ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ. "ಮೇಲಿಂದ ಹೇಳಿರ್ತಾರೆ" ಅಂದ. ಅಷ್ಟರಲ್ಲಿ ಇನ್ನೊಂದು ಬೈಕ್ ಬಂತು, ಸ್ವಿಗ್ಗಿ ಹುಡುಗ. ಎದ್ದು ಹೋದ.

ಕೆಂಪು_ದಾಸವಾಳ
ಆ ಹುಡುಗನ ಫೋನ್ ಕೇಳಿದ್ನಾ?

ನೈಟ್‌ಶಿಫ್ಟ್_ನಾಗ
ಕೇಳಿದ.

ಶಿಸ್ತು_ಮೊದಲು
ಮಗೂಗೆ ಈಗ ಹೇಗಿದೆ ಅಂತ ಕೇಳ್ಬೇಕಿತ್ತು ನೀವು.

ಕರಾವಳಿ_ಕಾಗೆ
@ಕೆಂಪು_ದಾಸವಾಳ ನಿಮ್ಮ ಹಳೇ ಪೋಸ್ಟ್ ಸಿಕ್ಕಿತು. ಹಾಕ್ಲಾ?

ಕೆಂಪು_ದಾಸವಾಳ
ಇನ್‌ಬಾಕ್ಸಿಗೆ ಬನ್ನಿ.

ಪಾಪದ_ಪರಮೇಶಿ
ಸಾರ್ ಮಧ್ಯೆ ಬಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ, ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ನಾಳೆ ಬರ್ತೀನಿ ಅಂದಿದಾರೆ, ಕಾಫಿ ಕೊಟ್ರೆ ಸಾಕಾ ಅಥವಾ ಕವರ್ ರೆಡಿ ಇಟ್ಕೋಬೇಕಾ?

ಹಳೇ_ಖಾಕಿ
ಕಾಫಿ ಸಾಕು. ಸಕ್ಕರೆ ಕಮ್ಮಿ ಹಾಕಿ, ನಮ್ಮೋರಿಗೆಲ್ಲ ಶುಗರ್ ಇರುತ್ತೆ.